ಜೈವಿಕ ರಾಶಿಯ ಸಂಶೋಧನೆ: ಪ್ರಶ್ನೆ ಕೇಳಬೇಕಾದವರು ನಾವು

ವರ್ತಕರ ಮಾಸಪತ್ರಿಕೆಯಲ್ಲಿ ಪಿಎಚ್.ಡಿ. ಪದವಿಯ ವಿಚಾರವೇಕೆ ಎಂದು ಸದಸ್ಯ ಬಾಂಧವರು ಕೇಳಿದರೆ ಆಶ್ಚರ್ಯವಿಲ್ಲ. ನಮ್ಮಂಥ ಲೆಕ್ಕಪರಿಶೋಧಕರಿಂದ ಓದುಗರು ನಿರೀಕ್ಷಿಸುವುದು ಜಿ.ಎಸ್.ಟಿ. ನಮೂನೆ, ಮುಂಗಡ ತೆರಿಗೆಯ ಕಂತು, ವಿವರಪಟ್ಟಿ ಸಲ್ಲಿಸುವ ಗಡುವು ಇತ್ಯಾದಿಗಳನ್ನು. ಆದರೆ ಈಗ ಹೇಳಹೊರಟಿರುವುದೂ ಮೂಲತಃ ಲೆಕ್ಕದ ಮಾತೇ ಆಗಿದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆ ವಖಾರಿಗಳ, ಸಣ್ಣ ತಯಾರಿಕಾ ಘಟಕಗಳ ಪುಸ್ತಕಗಳನ್ನು ತಪಾಸಣೆ ಮಾಡುವಾಗ ಒಂದು ಸಂಗತಿ ಪ್ರತಿ ವರ್ಷವೂ ಎದ್ದು ಕಾಣುತ್ತದೆ. ಅಡಿಕೆಯ ಪ್ರತಿಯೊಂದು ಕಿಲೋ ಲೆಕ್ಕದಲ್ಲಿರುತ್ತದೆ. ರಾಶಿ, ಚಾಲಿ, ತಟ್ಟಿಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ಒಂದೊಂದಕ್ಕೂ ಪ್ರತ್ಯೇಕ ದಾಸ್ತಾನು, ಪ್ರತ್ಯೇಕ ದರ. ಆದರೆ ಆ ಅಡಿಕೆಯನ್ನು ಬೇಯಿಸಿದ ಕಟ್ಟಿಗೆ, ಸುಲಿದು ರಾಶಿಹಾಕಿದ ಸಿಪ್ಪೆ, ಹಂಡೆಯಲ್ಲುಳಿದ ಚೊಗರು, ತೋಟದಲ್ಲಿ ಉದುರಿದ ಹಾಳೆ ಮತ್ತು ಸೋಗೆ, ಗೊಬ್ಬರಗುಂಡಿ ಸೇರಿದ ಬೆಟ್ಟದ ಸೊಪ್ಪು, ದರಕು - ಇವುಗಳಿಗೆ ಖಾತೆಯೇ ಇರುವುದಿಲ್ಲ. ಇದ್ದರೂ 'ಇತರೆ ಖರ್ಚು' ಎಂಬ ಶೀರ್ಷಿಕೆಯಡಿ ವರ್ಷಾಂತ್ಯಕ್ಕೆ ಒಂದು ಮೊತ್ತ ಕಾಣಿಸಿಕೊಳ್ಳುತ್ತದೆ. ಹಸಿ ಅಡಿಕೆಕಾಯಿಯ ತೂಕದಲ್ಲಿ ಶೇಕಡಾ 60ರಿಂದ 80ರಷ್ಟು ಸಿಪ್ಪೆಯೇ ಎನ್ನುತ್ತಾರೆ ತಜ್ಞರು. ಅಂದಮೇಲೆ ತೋಟದಿಂದ ಅಂಗಳಕ್ಕೆ ಬಂದ ಮಾಲಿನ ಬಹುಪಾಲು ನಮ್ಮ ಪುಸ್ತಕಗಳ ಹೊರಗೇ ಉಳಿಯುತ್ತಿದೆ.

ವಿಜ್ಞಾನಿಗಳು ಇವೆಲ್ಲವನ್ನೂ ಒಟ್ಟಾಗಿ ಬಯೋಮಾಸ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಜೈವಿಕ ರಾಶಿ ಎಂಬ ಪದ ಬಳಕೆಗೆ ಬಂದಿದೆ. ನಮ್ಮ ಮಾರುಕಟ್ಟೆಯಲ್ಲಿ ರಾಶಿ ಎಂದೊಡನೆ ಕೆಂಪಡಿಕೆಯೇ ಕಣ್ಣಮುಂದೆ ಬರುವುದರಿಂದ ಆ ಪದ ನಮ್ಮವರ ಕಿವಿಗೆ ಬೇರೆಯೇ ಅರ್ಥ ಕೊಟ್ಟೀತು. ಇರಲಿ.

ಲೆಕ್ಕವಿಡದ ವಸ್ತುವಿನಿಂದ ಆಗುವ ನಷ್ಟ ಎಂಥದೆಂಬುದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯಿಂದ ತಯಾರಿಸಿದ ತಟ್ಟೆ, ಬಟ್ಟಲುಗಳನ್ನು ಮಾರಬಾರದೆಂದು ಅಲ್ಲಿನ ವ್ಯಾಪಾರಿಗಳಿಗೆ ಸೂಚಿಸಿತು. ಅಡಿಕೆ ಮರದಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದು, ಆದುದರಿಂದ ಈ ತಟ್ಟೆಗಳನ್ನು ಸುರಕ್ಷಿತವೆಂದು ಪರಿಗಣಿಸಲಾಗದು ಎಂಬುದು ಅದರ ಕಾರಣ. ಪ್ಲಾಸ್ಟಿಕ್ಕಿಗೆ ಪರ್ಯಾಯವೆಂದು ಎಲ್ಲರೂ ಕೊಂಡಾಡಿದ, ಮಹಿಳಾ ಸ್ವಸಹಾಯ ಗುಂಪುಗಳಿಂದ ಹಿಡಿದು ಬ್ಯಾಂಕ್ ಸಾಲ ಪಡೆದು ಯಂತ್ರ ಹೂಡಿದವರವರೆಗೆ ಅನೇಕರಿಗೆ ಅನ್ನ ಕೊಟ್ಟ ಉದ್ದಿಮೆಗೆ ಒಂದೇ ಪತ್ರದಿಂದ ಪೆಟ್ಟು ಬಿತ್ತು.

ಆಕ್ಷೇಪ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಅರ್ಹತೆ ವಾಣಿಜ್ಯ ಪದವೀಧರನಾದ ನನಗಿಲ್ಲ. ನಾನು ಗಮನಿಸಿದ್ದು ನಮ್ಮವರ ಪ್ರತಿಕ್ರಿಯೆಯನ್ನು. ನನಗೆ ಪರಿಚಿತರಾದ ತಯಾರಕರೆಲ್ಲರ ಬಾಯಲ್ಲೂ ಒಂದೇ ಮಾತು: ತಲೆತಲಾಂತರದಿಂದ ಹಾಳೆಯಲ್ಲಿ ಉಂಡಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಮಾತು ನಿಜವಿರಬಹುದು. ಆದರೆ ನಿಯಂತ್ರಣ ಸಂಸ್ಥೆಯ ಮೇಜಿನ ಮೇಲೆ ಅದಕ್ಕೆ ಬೆಲೆಯಿಲ್ಲ. ಬಿಸಿ ಸಾರು ಹತ್ತು ನಿಮಿಷ ತಟ್ಟೆಯಲ್ಲಿದ್ದರೆ ಎಷ್ಟು ಮಿಲಿಗ್ರಾಂ ಇಳಿಯುತ್ತದೆ, ಹಾಳೆಯನ್ನು ಎಷ್ಟು ಬಾರಿ ತೊಳೆದರೆ ಎಷ್ಟು ಕಡಿಮೆಯಾಗುತ್ತದೆ, ಅಚ್ಚಿನ ಶಾಖ ಹೆಚ್ಚಿಸಿದರೆ ಏನಾಗುತ್ತದೆ, ಮಳೆಗಾಲದಲ್ಲಿ ಬಿದ್ದ ಹಾಳೆಗೂ ಬೇಸಿಗೆಯ ಹಾಳೆಗೂ ವ್ಯತ್ಯಾಸವುಂಟೇ - ಅಲ್ಲಿ ಕೇಳುವುದು ಇಂಥ ಅಂಕಿಗಳನ್ನು. ಆ ತಯಾರಕರ ಕೈಯಲ್ಲಿ ಮುಂದಿಡಲು ಅಂಥ ಅಂಕಿ ಒಂದೂ ಇರಲಿಲ್ಲ. ಒಬ್ಬ ಸಂಶೋಧನ ವಿದ್ಯಾರ್ಥಿ ಮೂರ್ನಾಲ್ಕು ವರ್ಷ ಶ್ರಮಿಸಿದರೆ ದೊರೆಯಬಹುದಾದ ಉತ್ತರಗಳು ಇವು. ಉತ್ತರ ನಮಗೆ ಅನುಕೂಲವಾಗಿಯೇ ಬರುವುದೆಂದು ಹೇಳಲಾಗದು. ಪ್ರತಿಕೂಲವಾಗಿ ಬಂದರೂ ತಯಾರಿಕೆಯ ಯಾವ ಹಂತವನ್ನು ತಿದ್ದಬೇಕೆಂಬುದಾದರೂ ತಿಳಿಯುತ್ತದೆ. ಯಂತ್ರಕ್ಕೆ ಹಾಕುವ ಮುಂದಿನ ಸಾಲವನ್ನು ಹಾಕಬೇಕೇ ಬೇಡವೇ ಎಂಬುದಂತೂ ಖಂಡಿತ ತಿಳಿಯುತ್ತದೆ.

ಹಾಗೆಂದು ಈ ಪ್ರದೇಶಕ್ಕೆ ಸಂಶೋಧಕರು ಬಂದೇ ಇಲ್ಲವೆಂದೇನಲ್ಲ. ಜೈವಿಕ ರಾಶಿ ಮತ್ತು ಪರಿಸರ ವಿಜ್ಞಾನದ ಮಟ್ಟಿಗೆ ಉತ್ತರ ಕನ್ನಡ ಜಿಲ್ಲೆಯಷ್ಟು ಅಧ್ಯಯನಕ್ಕೊಳಗಾದ ಜಿಲ್ಲೆಗಳು ದೇಶದಲ್ಲಿ ವಿರಳವೆಂಬುದು ನನ್ನ ಭಾವನೆ. 1970ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಇಲ್ಲಿನ ಬಿದಿರಿನ ಅಧ್ಯಯನಕ್ಕೆ ತೊಡಗಿದರು. ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಗೆ ಸರಕಾರವು 1958ರಲ್ಲಿ ಬಿದಿರನ್ನು ಟನ್ನಿಗೆ 1 ರೂಪಾಯಿ 50 ಪೈಸೆಯಂತೆ ಕೊಡಲು ಒಪ್ಪಿತ್ತು. ಬುಟ್ಟಿ ಹೆಣೆದು ಬದುಕುವವರು ಅದೇ ಬಿದಿರಿಗೆ ಅದರ ಅನೇಕ ಪಟ್ಟು ಬೆಲೆ ತೆರಬೇಕಾಗಿತ್ತು. ಕಾಡಿನಲ್ಲಿ ಬಿದಿರು ಕ್ಷೀಣಿಸುತ್ತ ಬಂದಾಗ ದನ ಮೇಯಿಸುವ ಹಳ್ಳಿಗರೇ ಕಾರಣವೆಂದು ಹೇಳಲಾಗುತ್ತಿತ್ತು. ಅಧ್ಯಯನದಲ್ಲಿ ತಿಳಿದುಬಂದದ್ದು ಬೇರೆ: ಬಿದಿರು ಕಡಿಯುವ ಅನುಕೂಲಕ್ಕಾಗಿ ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಸವರಿ ತೆಗೆಯುತ್ತಿದ್ದುದರಿಂದ ಎಳೆಯ ಕಳಲೆ ದನಕರುಗಳಿಗೂ ಕಾಡುಪ್ರಾಣಿಗಳಿಗೂ ನಿರಾತಂಕವಾಗಿ ಸಿಗುತ್ತಿತ್ತು. ಮೆಳೆಯ ಮುಳ್ಳು ಏಕೆ ಇದೆ ಎಂಬುದು ಹಳ್ಳಿಯವರಿಗೆ ಮೊದಲೇ ಗೊತ್ತಿದ್ದ ಸಂಗತಿ. ಟನ್ನಿಗೆ ಒಂದೂವರೆ ರೂಪಾಯಿಗೆ ಸಿಕ್ಕುವ ಕಚ್ಚಾವಸ್ತುವನ್ನು ಜೋಪಾನ ಮಾಡುವ ಉದ್ಯಮವನ್ನು ನಾನಂತೂ ನೋಡಿಲ್ಲ.

ಅನಂತರ 1984ರಲ್ಲಿ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಜಿಲ್ಲೆಯ ಕಾಡುಗಳಲ್ಲಿ ಒಂದೊಂದು ಹೆಕ್ಟೇರಿನ ಶಾಶ್ವತ ಅಧ್ಯಯನ ಕ್ಷೇತ್ರಗಳನ್ನು ಗುರುತಿಸಿ, ಅವುಗಳೊಳಗಿನ ಮರಗಳ ಬೆಳವಣಿಗೆಯನ್ನೂ ಉದುರುವ ದರಕಿನ ಪ್ರಮಾಣವನ್ನೂ ಅಳೆಯಲಾರಂಭಿಸಿದರು. ಶಿರಸಿಯಲ್ಲಿ ಅವರ ಕ್ಷೇತ್ರಕೇಂದ್ರವೇ ನಡೆಯಿತು. 1985ರಲ್ಲಿ ಶಿರಸಿಗೆ ಅರಣ್ಯ ಮಹಾವಿದ್ಯಾಲಯ ಬಂತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಶರಚ್ಚಂದ್ರ ಲೇಲೆಯವರು 1993ರಲ್ಲಿ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ವಸ್ತು ಉತ್ತರ ಕನ್ನಡದ ಮಲೆನಾಡಿನ ಜನರು ಕಾಡುಭೂಮಿಯನ್ನು ಬಳಸುವ ಬಗೆ. ಇದು ಅವನತಿಯೋ, ಸುಸ್ಥಿರತೆಯೋ, ರೂಪಾಂತರವೋ ಎಂಬ ಪ್ರಶ್ನೆ ಆ ಪ್ರಬಂಧದ ಶೀರ್ಷಿಕೆಯಲ್ಲೇ ಇದೆ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟವೆಂಬ, ಮುಂಬಯಿ ಆಡಳಿತದ ಕಾಲದಿಂದ ಬಂದ ನಮ್ಮ ಘಟ್ಟದ ಮೇಲಿನ ವ್ಯವಸ್ಥೆಯನ್ನು ಬಲ್ಲವರಿಗೆ ಈ ಪ್ರಶ್ನೆಯ ತೂಕ ಗೊತ್ತಾಗುತ್ತದೆ. ಆ ಒಂಬತ್ತು ಎಕರೆಯ ಸೊಪ್ಪೇ ತೋಟದ ಬಂಡವಾಳ. ನಮ್ಮ ವಖಾರಿಗಳ ವಹಿವಾಟೂ ಪರೋಕ್ಷವಾಗಿ ಅದನ್ನೇ ಅವಲಂಬಿಸಿದೆ.

ನನಗೆ ಅತ್ಯಂತ ಪ್ರಿಯವಾದ ಅಧ್ಯಯನವೆಂದರೆ ಶಿರಸಿಯ ಗೋಬರ್ ಗ್ಯಾಸ್ ಕುರಿತಾದುದು. ವಿಜ್ಞಾನ ಸಂಸ್ಥೆಯ ಸಂಶೋಧಕರಾದ ಪಿ.ಆರ್. ಭಟ್, ಎಚ್.ಎನ್. ಚಾಣಕ್ಯ, ಎನ್.ಎಚ್. ರವೀಂದ್ರನಾಥ್ ಇವರು ಇದನ್ನು 2001ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ದೇಶದ ಅನೇಕ ಕಡೆ ಸಹಾಯಧನದ ಆಸೆಗೆ ಕಟ್ಟಿದ ಘಟಕಗಳು ಪಾಳುಬಿದ್ದಿದ್ದ ಕಾಲದಲ್ಲಿ, ಶಿರಸಿಯಲ್ಲಿ ಸಮೀಕ್ಷೆಗೊಳಗಾದ ಘಟಕಗಳು ಕೆಲಸ ಮಾಡುತ್ತಲೇ ಇದ್ದವು. ಕಾರಣಗಳನ್ನು ಹುಡುಕಿದಾಗ ಅವರಿಗೆ ಕಂಡದ್ದು ಯಂತ್ರವಿಜ್ಞಾನದ ಪವಾಡವೇನಲ್ಲ. ಘಟಕ ಕಟ್ಟಿಸುವ ಸಂಸ್ಥೆಗಳು ಹಲವಿದ್ದುವು, ಕಟ್ಟುವ ಉದ್ಯಮಿಗಳ ನಡುವೆ ಪೈಪೋಟಿಯಿತ್ತು, ಕೆಲಸಕ್ಕೆ ಖಾತರಿ ಕೊಡುತ್ತಿದ್ದರು, ಕೆಟ್ಟರೆ ಉಚಿತವಾಗಿ ದುರಸ್ತಿ ಮಾಡಿಕೊಡುತ್ತಿದ್ದರು. ವ್ಯಾಪಾರ ಧರ್ಮದ ಈ ಪಾಠವನ್ನು ಪರಿಸರ ವಿಜ್ಞಾನಿಗಳು ಶಿರಸಿಯಿಂದ ಕಲಿತು ಜಗತ್ತಿಗೆ ತಿಳಿಸಿದರು. ನಮ್ಮ ಸದಸ್ಯರಲ್ಲಿ ಎಷ್ಟು ಮಂದಿ ಆ ಲೇಖನದ ಹೆಸರನ್ನಾದರೂ ಕೇಳಿದ್ದೇವೆ?

ನನ್ನ ತಕರಾರು ಇರುವುದು ಇಲ್ಲಿಯೇ. ನಮ್ಮ ಬೆಟ್ಟ, ನಮ್ಮ ಒಲೆ, ನಮ್ಮ ಕೊಟ್ಟಿಗೆಗಳು ನಾಲ್ಕೈದು ದಶಕಗಳಿಂದ ಪ್ರಬಂಧಗಳ ವಸ್ತುವಾಗಿವೆ. ಪ್ರಶ್ನೆಗಳನ್ನು ಬಹುಮಟ್ಟಿಗೆ ಬೆಂಗಳೂರಿನಲ್ಲೋ ಬರ್ಕ್ಲಿಯಲ್ಲೋ ರೂಪಿಸಲಾಯಿತು. ಅದು ಸಂಶೋಧಕರ ದೋಷವಲ್ಲ. ತಮಗೆ ತೋರಿದ ಪ್ರಶ್ನೆಯನ್ನು ಅವರು ಪ್ರಾಮಾಣಿಕವಾಗಿ ಕೇಳಿದರು. ನಮಗೆ ಬೇಕಾದ ಪ್ರಶ್ನೆಯನ್ನು ಅವರ ಮುಂದಿಡುವವರು ನಮ್ಮ ಕಡೆಯಿಂದ ಯಾರೂ ಹೋಗಲಿಲ್ಲ.

ಆದರೆ ಹೋಗಿದ್ದ ಕಾಲವೊಂದುಂಟು. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ಉತ್ಪಾದಿಸುವ ಯೋಜನೆಯಿಂದ ಯಲ್ಲಾಪುರ ಕಡೆಯ ತೋಟಗಳೂ ಕಾಡೂ ಮುಳುಗುವ ಭೀತಿ ಎದುರಾದಾಗ, ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಅಂದರೆ ನಮ್ಮೆಲ್ಲರ ಟಿ.ಎಸ್.ಎಸ್., ತನ್ನಲ್ಲೊಂದು ಪರಿಸರ ಘಟಕವನ್ನು ಹೊಂದಿತ್ತು. 1923ರಲ್ಲಿ ಅಡಿಕೆ ಮಾರಾಟಕ್ಕೆಂದು ಹುಟ್ಟಿದ ಸಂಘವೊಂದು 1981ರ ಜನವರಿಯಲ್ಲಿ ಶಿರಸಿಗೆ ವಿಜ್ಞಾನಿಗಳನ್ನೂ ಎಂಜಿನಿಯರರನ್ನೂ ಕರೆಸಿ, ಯೋಜನೆಯ ಲಾಭ-ನಷ್ಟವನ್ನು ಮೊದಲಿನಿಂದ ಲೆಕ್ಕಹಾಕಿ ತೋರಿಸಿರೆಂದು ಕೇಳಿತು. ಆ ಗೋಷ್ಠಿಯ ಪ್ರಬಂಧಗಳು 'ಮೇಜರ್ ಡ್ಯಾಮ್ಸ್: ಎ ಸೆಕೆಂಡ್ ಲುಕ್' ಎಂಬ ಗ್ರಂಥವಾಗಿ ಅದೇ ವರ್ಷ ಹೊರಬಂದವು, ಗಾಂಧಿ ಶಾಂತಿ ಪ್ರತಿಷ್ಠಾನದೊಂದಿಗೆ ಟಿ.ಎಸ್.ಎಸ್.ನ ಪರಿಸರ ಘಟಕವೂ ಅದರ ಪ್ರಕಾಶಕ. ಕಾಡಿನಿಂದ ಬರುವ ಸೊಪ್ಪು, ಕಟ್ಟಿಗೆ, ಮೇವುಗಳಿಗೂ ಬೆಲೆ ಕಟ್ಟಿದರೆ ಯೋಜನೆಯ ಲಾಭದ ಲೆಕ್ಕ ನಿಲ್ಲುವುದಿಲ್ಲವೆಂಬ ವಾದ ಅಲ್ಲಿ ಮೂಡಿತು. ಯೋಜನೆಯನ್ನು ಮುಂದೆ ಕೈಬಿಡಲಾಯಿತು. ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತದ್ದು 1983ರ ಸಪ್ಟೆಂಬರಿನಲ್ಲಿ. ಅಪ್ಪಿಕೋ ಚಳವಳಿಯ ಹೆಸರು ಎಲ್ಲರ ನಾಲಗೆಯ ಮೇಲಿದೆ. ಅದಕ್ಕೆ ಎರಡು ವರ್ಷ ಮೊದಲು ಒಂದು ಮಾರಾಟ ಸಂಘವು ವಿಜ್ಞಾನಿಗಳಿಗೆ ಪ್ರಶ್ನೆ ಕೇಳಿತ್ತೆಂಬುದನ್ನು ವ್ಯಾಪಾರಿಗಳಾದ ನಾವೇ ಮರೆತಂತಿದೆ.

ಈಗ ಕೇಳಬೇಕಾದ ಪ್ರಶ್ನೆಗಳಿಗೇನು ಕೊರತೆ? ಕೆಂಪಡಿಕೆ ಬೇಯಿಸಲು ಒಂದು ಕ್ವಿಂಟಲಿಗೆ ಎಷ್ಟು ಕಟ್ಟಿಗೆ ಬೇಕು? ಈ ಸರಳ ಪ್ರಶ್ನೆಗೆ ಮೂರು ಮನೆಗಳಲ್ಲಿ ವಿಚಾರಿಸಿದರೆ ಮೂರು ಉತ್ತರ ಸಿಗುತ್ತದೆ, ಮೂರೂ ಅಂದಾಜಿನವು. ಕಟ್ಟಿಗೆಯ ಬೆಲೆಯನ್ನೂ ಒಲೆಯ ಮುಂದೆ ನಿಲ್ಲುವವರ ಕೂಲಿಯನ್ನೂ ಸೇರಿಸಿ ನೋಡಿದರೆ ಕೆಂಪಡಿಕೆ ಮಾಡುವುದು ಲಾಭವೋ ಚಾಲಿ ಮಾಡುವುದು ಲಾಭವೋ ಎಂಬ ಪ್ರತಿವರ್ಷದ ಚರ್ಚೆಗೆ ಒಂದು ಆಧಾರ ದೊರೆಯುತ್ತದೆ. ಈಗ ಆ ನಿರ್ಧಾರವಾಗುವುದು ಪೇಟೆಯ ಧಾರಣೆ ನೋಡಿ, ಮಳೆಯ ಮೋಡ ನೋಡಿ.

ಸಿಪ್ಪೆಯ ವಿಷಯ ಇನ್ನೂ ಸ್ವಾರಸ್ಯಕರವಾದುದು. ಒಣಗಿದ ಚಾಲಿ ಸಿಪ್ಪೆ ಒಲೆಗೆ ಹೋಗುತ್ತದೆ. ಹಸಿ ಸಿಪ್ಪೆ ರಸ್ತೆಯಂಚಿನಲ್ಲಿ ಕೊಳೆತು ನಾರುತ್ತದೆ, ಸೊಳ್ಳೆಗಳಿಗೆ ಆಶ್ರಯವಾಗುತ್ತದೆ, ಪಂಚಾಯತಿಗಳು ಬೇಸತ್ತಿವೆ. 1974ರಲ್ಲಿ ಅಸ್ತ್ರ ಎಂಬ ಹೆಸರಿನಿಂದ ಆರಂಭವಾಗಿ ಈಗ ಸುಸ್ಥಿರ ತಂತ್ರಜ್ಞಾನ ಕೇಂದ್ರವೆನಿಸಿರುವ ವಿಜ್ಞಾನ ಸಂಸ್ಥೆಯ ವಿಭಾಗದಲ್ಲಿ ಬಾಳೆಯ ಮತ್ತು ಅಡಿಕೆ ಸಿಪ್ಪೆಯ ತ್ಯಾಜ್ಯವನ್ನು ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆಯಿಸಿ, ನಾರು, ಅನಿಲ, ಗೊಬ್ಬರ ಮೂರನ್ನೂ ಪಡೆಯುವ ಪ್ರಯೋಗಗಳು ನಡೆದಿವೆ. ಪ್ರಯೋಗಾಲಯದಲ್ಲಿ ಸಾಧ್ಯವೆಂದು ತೋರಿದ್ದು ನಮ್ಮ ಅಂಗಳದಲ್ಲಿ ಗಿಟ್ಟುತ್ತದೆಯೇ ಎಂಬುದು ಬೇರೆಯೇ ಮಾತು. ಹಸಿ ಸಿಪ್ಪೆ ಕೆಲವೇ ವಾರಗಳಲ್ಲಿ ಒಮ್ಮೆಗೇ ಬರುತ್ತದೆ, ವರ್ಷದ ಉಳಿದ ದಿನ ತೊಟ್ಟಿ ಖಾಲಿ. ನಾರನ್ನು ಕೊಳ್ಳುವವರಾರು, ಸಾಗಣೆ ವೆಚ್ಚವೆಷ್ಟು, ಯಾವ ಗಾತ್ರದ ಘಟಕಕ್ಕೆ ಬ್ಯಾಂಕು ಸಾಲ ಕೊಟ್ಟೀತು? ವಿಜ್ಞಾನವೂ ಲೆಕ್ಕಶಾಸ್ತ್ರವೂ ಕೂಡಿ ಉತ್ತರಿಸಬೇಕಾದ ಪ್ರಶ್ನೆಗಳಿವು. ಇವನ್ನು ಕೇಳಬಲ್ಲವರು ಸಿಪ್ಪೆಯ ರಾಶಿಯ ಪಕ್ಕದಲ್ಲಿ ಅಂಗಡಿಯಿಟ್ಟವರು.

ಇನ್ನು ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಕೆನಡಾ ಮೂಲದ ಲೆಸ್ಲಿ ಕೋಲ್‌ಮನ್ ಎಂಬವರು ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಮತ್ತು ಮೈಲುತುತ್ತ-ಸುಣ್ಣದ ಸಿಂಪರಣೆಯ ಪ್ರಯೋಗಗಳು ಅಡಿಕೆ ಕೃಷಿಯನ್ನೇ ಉಳಿಸಿದವೆಂದರೆ ಅತಿಶಯೋಕ್ತಿಯಾಗದು. ಸಂಶೋಧನೆಯಿಂದ ವ್ಯಾಪಾರಕ್ಕೇನು ಲಾಭ ಎನ್ನುವವರು, ಪ್ರತಿ ಜೂನಿನಲ್ಲಿ ಮೈಲುತುತ್ತದ ಚೀಲಗಳನ್ನು ಮಾರುವಾಗ ಆ ಮಹನೀಯರನ್ನು ಒಮ್ಮೆ ಸ್ಮರಿಸಬಹುದು. ಅಂದಿನಿಂದ ಹೊಡೆದ ತಾಮ್ರವೆಲ್ಲ ಎಲ್ಲಿಗೆ ಹೋಯಿತು, ತೋಟದ ಮಣ್ಣಿನಲ್ಲಿ ಎಷ್ಟು ನಿಂತಿದೆ, ಎರೆಹುಳುವಿಗೂ ಕಾಳುಮೆಣಸಿನ ಬೇರಿಗೂ ಅದರಿಂದೇನಾಗುತ್ತಿದೆ ಎಂಬುದು ನಮ್ಮ ತಲೆಮಾರಿನ ಪ್ರಶ್ನೆ. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಸೂಚಿಕೆ ದೊರೆತು, ಇವೇ ಮೂರು ತಾಲೂಕುಗಳ ಮಾಲಿಗೆ ಒಂದು ಹೆಸರು ಬಂದಿದೆ. ಹೆಸರು ಬಂದ ಮೇಲೆ ಅದರ ಮಣ್ಣಿನ ಬಗ್ಗೆ ಕೊಳ್ಳುವವನು ಕೇಳಿಯೇ ಕೇಳುತ್ತಾನೆ.

ಸಂಶೋಧಕರನ್ನು ಎಲ್ಲಿಂದ ತರುವುದು? ಪರಿಸ್ಥಿತಿ ಹಿಂದಿಗಿಂತ ಅನುಕೂಲವಾಗಿದೆ. ಯು.ಜಿ.ಸಿ.ಯ 2022ರ ನಿಯಮಾವಳಿಯಲ್ಲಿ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶವಿದೆ, ಕೆಲಸ ಮಾಡುವ ಸಂಸ್ಥೆಯ ನಿರಾಕ್ಷೇಪಣಾ ಪತ್ರವಿದ್ದರೆ ನಮ್ಮ ಕಾಲೇಜುಗಳ ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಅಧ್ಯಾಪಕರು ಊರಿನಲ್ಲಿದ್ದೇ ಸಂಶೋಧನೆಗೆ ನೋಂದಾಯಿಸಬಹುದು. ಕನಿಷ್ಠ ಅವಧಿ 3 ವರ್ಷ, ಸಾಮಾನ್ಯ ಗರಿಷ್ಠ ಮಿತಿ 6 ವರ್ಷ. ಪರಿಸರ ವಿಜ್ಞಾನವು ಯು.ಜಿ.ಸಿ. ನೆಟ್ ಪರೀಕ್ಷೆಯ ಒಂದು ವಿಷಯ. 2024ರಿಂದ ಆ ಪರೀಕ್ಷೆಯ ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೂ ಪರಿಗಣಿಸುವ ವ್ಯವಸ್ಥೆ ಬಂದಿರುವುದರಿಂದ ಪ್ರತಿ ವಿಶ್ವವಿದ್ಯಾಲಯಕ್ಕೂ ಬೇರೆ ಬೇರೆ ಪರೀಕ್ಷೆ ಬರೆಯುವ ತಾಪತ್ರಯ ಕಡಿಮೆಯಾಗಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ವಿಭಾಗವಿದೆ; ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ, ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆ ಮತ್ತು ಏಟ್ರೀ, ವಿಟ್ಲದಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇವೆ.

ಖರ್ಚಿನ ಲೆಕ್ಕ ಹೀಗಿದೆ. 2023ರ ಜನವರಿಯಿಂದ ಅನ್ವಯವಾದ ಪರಿಷ್ಕರಣೆಯಂತೆ ಯು.ಜಿ.ಸಿ.ಯ ಕಿರಿಯ ಸಂಶೋಧನ ಶಿಷ್ಯವೇತನ ತಿಂಗಳಿಗೆ 37,000 ರೂಪಾಯಿ, ಹಿರಿಯ ಶಿಷ್ಯವೇತನ 42,000 ರೂಪಾಯಿ. ಎರಡು ವರ್ಷ ಮೊದಲಿನದು, ಮೂರು ವರ್ಷ ಎರಡನೆಯದು ಎಂದು ಹಿಡಿದರೆ ಐದು ವರ್ಷಕ್ಕೆ 8,88,000 ಮತ್ತು 15,12,000 ಸೇರಿ 24 ಲಕ್ಷ ರೂಪಾಯಿ. ಮನೆಬಾಡಿಗೆ ಭತ್ಯೆ, ರಾಸಾಯನಿಕ ಪರೀಕ್ಷೆಗಳ ವೆಚ್ಚ ಬೇರೆ. ನೆಟ್ ತೇರ್ಗಡೆಯಾಗಿ ಶಿಷ್ಯವೇತನ ಪಡೆದವರಿಗೆ ಈ ಹಣ ಸರಕಾರದಿಂದಲೇ ಬರುತ್ತದೆ. ನಾವು ಕೊಡಬೇಕಾದುದು ವಿಷಯ, ಸ್ಥಳ, ಮಾದರಿ ಮಾತ್ರ. ಶಿಷ್ಯವೇತನವಿಲ್ಲದ ಅರ್ಹ ಅಭ್ಯರ್ಥಿಯೊಬ್ಬರನ್ನು ಸ್ವತಃ ಪೋಷಿಸಬೇಕೆಂದರೂ ನೂರು ಸದಸ್ಯರು ಸೇರಿದರೆ ತಲಾ 24,000, ತಿಂಗಳಿಗೆ 400 ರೂಪಾಯಿ. ಅಂಗಡಿಯ ಚಹಾದ ಖರ್ಚು ಇದಕ್ಕಿಂತ ಹೆಚ್ಚಿರುವ ಪುಸ್ತಕಗಳನ್ನು ನಾನೇ ತಪಾಸಣೆ ಮಾಡಿದ್ದೇನೆ.

ತೆರಿಗೆ ವಿನಾಯಿತಿಯ ಪ್ರಶ್ನೆ ಬಂದೇ ಬರುತ್ತದೆ, ಆದುದರಿಂದ ಸ್ಪಷ್ಟಪಡಿಸುತ್ತೇನೆ. 1961ರ ಆದಾಯ ತೆರಿಗೆ ಕಾಯಿದೆಯ 35ನೆಯ ಕಲಮಿನಂತೆ ಅನುಮೋದಿತ ಸಂಶೋಧನ ಸಂಸ್ಥೆ, ವಿಶ್ವವಿದ್ಯಾಲಯಗಳಿಗೆ ವೈಜ್ಞಾನಿಕ ಸಂಶೋಧನೆಗಾಗಿ ಕೊಟ್ಟ ದೇಣಿಗೆಗೆ 2016-17ರ ಸಾಲಿನವರೆಗೆ ಶೇಕಡಾ 175ರಷ್ಟು ಕಡಿತ ಸಿಗುತ್ತಿತ್ತು. ಅದು 2017-18ರಿಂದ ಶೇಕಡಾ 150ಕ್ಕೆ, 2020-21ರಿಂದ ಶೇಕಡಾ 100ಕ್ಕೆ ಇಳಿಯಿತು. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ದೇಣಿಗೆಯ ಈ ಕಡಿತವೂ ಇಲ್ಲ. ಆದರೆ ತಮ್ಮ ವ್ಯಾಪಾರಕ್ಕೇ ಸಂಬಂಧಿಸಿದ ಸಂಶೋಧನೆಗೆ ತಾವೇ ಮಾಡಿದ ಖರ್ಚಿನ ಮಾತು ಬೇರೆ. ಆ ಕಲಮಿನ ಮೊದಲ ಉಪಬಂಧದಡಿ ಅದಕ್ಕಿದ್ದ ಕಡಿತವನ್ನು ಹೊಸ ಪದ್ಧತಿಯು ತೆಗೆದುಹಾಕಿರಲಿಲ್ಲ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆಗಳು ಬದಲಾಗಿವೆ. ಹಣ ಕೊಡುವ ಮೊದಲು ತಮ್ಮ ಸಲಹೆಗಾರರನ್ನು ವಿಚಾರಿಸುವುದು ಲೇಸು. ಒಟ್ಟಿನಲ್ಲಿ ತೆರಿಗೆ ಉಳಿಸುವ ಏಕೈಕ ಉದ್ದೇಶದಿಂದ ಸಂಶೋಧನೆಗೆ ಹಣ ಹೂಡುವ ಕಾಲ ಮುಗಿದಿದೆ, ಅದು ಮುಗಿದದ್ದು ಒಳ್ಳೆಯದೇ ಆಯಿತು. ಆ ಕಾಲದಲ್ಲಿ ರಸೀದಿಗಳಷ್ಟೇ ಹೆಚ್ಚು ಹುಟ್ಟಿದವು.

ಅಡ್ಡಿಗಳನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮವರ ಮುಖ್ಯ ಹಿಂಜರಿಕೆ ಹಣದ್ದಲ್ಲ. ಎಷ್ಟು ಕಟ್ಟಿಗೆ ಸುಡುತ್ತೇವೆಂದು ಬರೆದುಕೊಟ್ಟರೆ ನಾಳೆ ಅರಣ್ಯ ಇಲಾಖೆ ಬಾಗಿಲಿಗೆ ಬಂದೀತು, ಎಷ್ಟು ಹಸಿ ಅಡಿಕೆ ಬಂತೆಂದು ಹೇಳಿದರೆ ತೆರಿಗೆ ಇಲಾಖೆ ಬಂದೀತು ಎಂಬ ಅಳುಕು. ಈ ಅಳುಕು ನಿರಾಧಾರವೆಂದು ನಾನು ಹೇಳಲಾರೆ. ಹತ್ತಿಪ್ಪತ್ತು ಒಲೆಗಳ ಅಂಕಿಗಳನ್ನು ಹೆಸರಿಲ್ಲದೆ, ಸಂಕೇತ ಸಂಖ್ಯೆಯಡಿ ಒಟ್ಟುಗೂಡಿಸಿ ಸಂಶೋಧಕರಿಗೆ ಕೊಡುವ ಹೊಣೆಯನ್ನು ನಮ್ಮ ಸಂಸ್ಥೆಯೇ ಹೊರಬೇಕು. ಮೂಲ ಪಟ್ಟಿ ಕಚೇರಿಯ ಕಪಾಟಿನಿಂದ ಹೊರಹೋಗಕೂಡದು. ಲೆಕ್ಕಪರಿಶೋಧಕರು ಗ್ರಾಹಕರ ಗುಟ್ಟನ್ನು ಕಾಯುವುದು ಹೊಸದೇನಲ್ಲ, ಆ ಶಿಸ್ತನ್ನು ಇಲ್ಲಿಗೂ ತರಬಹುದು.

ಎರಡನೆಯ ದೂರು ಹಳ್ಳಿಗಳಿಂದ ಬರುವಂಥದು: ಓದಿದವರು ಬಂದರು, ಚಹಾ ಕುಡಿದರು, ಪಟ್ಟಿ ತುಂಬಿಸಿಕೊಂಡರು, ಹೋದರು, ಮತ್ತೆ ಮುಖ ತೋರಲಿಲ್ಲ. ಸಂಶೋಧಕರೊಂದಿಗೆ ಒಪ್ಪಂದ ಮಾಡಿಕೊಳ್ಳುವಾಗಲೇ ಇದಕ್ಕೆ ಪರಿಹಾರ ಬರೆದುಕೊಳ್ಳಬೇಕು. ಪ್ರತಿ ವರ್ಷ ಕನ್ನಡದಲ್ಲಿ ಹತ್ತು ಪುಟಗಳ ವರದಿ, ಅಂತಿಮ ಪ್ರಬಂಧದ ಒಂದು ಪ್ರತಿ ನಮ್ಮ ವಾಚನಾಲಯಕ್ಕೆ, ಫಲಿತಾಂಶವನ್ನು ಪ್ರಕಟಣೆಗೆ ಮೊದಲು ಸದಸ್ಯರ ಮುಂದೆ ಮಂಡಿಸುವುದು ಎಂಬಷ್ಟನ್ನು ಯಾವ ಪ್ರಾಮಾಣಿಕ ಸಂಶೋಧಕರೂ ಒಪ್ಪಿಯಾರು. ಆದರೆ ಫಲಿತಾಂಶ ನಮಗೆ ಹಿತವಾಗದಿದ್ದರೆ ತಡೆಹಿಡಿಯುವ ಷರತ್ತು ಮಾತ್ರ ಇರಬಾರದು. ಹಾಗೆ ತಡೆಹಿಡಿದ ಅಂಕಿಯನ್ನು ಹೊರದೇಶದ ನಿಯಂತ್ರಣ ಸಂಸ್ಥೆಯಿರಲಿ, ಪಕ್ಕದೂರಿನ ಖರೀದಿದಾರನೂ ನಂಬುವುದಿಲ್ಲ. ತಪಾಸಣೆಯ ವರದಿಯಲ್ಲಿ ನಮ್ಮ ಟಿಪ್ಪಣಿ ಕೆಲವರಿಗೆ ಕಹಿಯೆನಿಸುವುದುಂಟು. ಬ್ಯಾಂಕು ಆ ವರದಿಯನ್ನು ನಂಬುವುದು ಆ ಕಹಿಯ ಕಾರಣದಿಂದಲೇ.

ಮೂರನೆಯದಾಗಿ ಪೇಟೆಂಟು, ಹಕ್ಕುಸ್ವಾಮ್ಯಗಳ ತಂಟೆ. ಅದು ಬಂದಾಗ ನೋಡಿಕೊಳ್ಳೋಣ, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದು ಬೇಡ.

ಕಾರ್ಯಕಾರಿ ಸಮಿತಿಯ ಮುಂದೆ ನಾನು ಇಡಬಯಸುವ ಸೂಚನೆ ಚಿಕ್ಕದು. ಬರುವ ಕೊಯ್ಲಿಗೆ ಮೊದಲು, ಅಂದರೆ ಕೊನೆಗೌಡರು ಮರ ಹತ್ತುವ ಮುಂಚೆ, ಮೂರು ತಾಲೂಕುಗಳಿಂದ ತಲಾ ಐದರಂತೆ ಹದಿನೈದು ಅಡಿಕೆ ಬೇಯಿಸುವ ಒಲೆಗಳ ಮಾಲಿಕರು ಮುಂದೆ ಬರಲಿ. ಪ್ರತಿ ದಿನ ಒಲೆಗೆ ಹಾಕಿದ ಕಟ್ಟಿಗೆಯ ತೂಕ, ಬೇಯಿಸಿದ ಅಡಿಕೆಯ ತೂಕ, ಹೊರಬಿದ್ದ ಸಿಪ್ಪೆಯ ತೂಕ ಬರೆಯಲಿ. ಹಾಳೆತಟ್ಟೆಯ ಘಟಕಗಳವರು ಹಾಳೆ ಬಂದ ತೋಟ, ತೊಳೆದ ಬಗೆ, ಅಚ್ಚಿನ ಶಾಖ ಇಷ್ಟನ್ನು ಪ್ರತಿ ತಂಡಕ್ಕೂ ದಾಖಲಿಸಿ, ತಂಡಕ್ಕೆರಡು ತಟ್ಟೆಗಳನ್ನು ದಿನಾಂಕ ಬರೆದು ತೆಗೆದಿಡಲಿ. ಒಂದು ಹಂಗಾಮಿನ ಈ ಪುಸ್ತಕಗಳನ್ನು ಹಿಡಿದು ಅರಣ್ಯ ಮಹಾವಿದ್ಯಾಲಯಕ್ಕೋ ಧಾರವಾಡಕ್ಕೋ ಬೆಂಗಳೂರಿಗೋ ಹೋದರೆ, ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗೆ ಅರ್ಧ ದಾರಿ ಸವೆದಂತೆ. ನಮೂನೆಯ ಪುಸ್ತಕವನ್ನು ಸಿದ್ಧಪಡಿಸಿಕೊಡುವ ಕೆಲಸವನ್ನು ನನ್ನ ಕಚೇರಿಯ ಸಹಾಯಕರು ಶುಲ್ಕವಿಲ್ಲದೆ ಮಾಡಿಕೊಡುವರು. ತೂಕದ ಕಾಟವನ್ನು ಮಾತ್ರ ಸದಸ್ಯರೇ ತರಬೇಕು.